ಇಂಟರ್‌ನೆಟ್ ಗೀಳನ್ನು ಗುರುತಿಸುವುದು ಹೇಗೆ? ಕೌನ್ಸೆಲಿಂಗ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಈ ಸಮಸ್ಯೆ ನಮ್ಮ ಹತ್ತಿರ ಎರಡು ರೀತಿಯಲ್ಲಿ ಬರುತ್ತದೆ. ಒಂದು ಎಲ್ಲರಿಗೂ ಗೊತ್ತಿರುವುದೇ. ಮನೆಯವರು ಕರೆದುಕೊಂಡು ಬಂದು, ಕೂರುವ ಮೊದಲೇ, "ಇವನಿಗೆ ಮೊಬೈಲ್ ಚಟ ಹತ್ತಿಬಿಟ್ಟಿದೆ, ಹೇಗಾದ್ರೂ ಬಿಡಿಸಿ" ಎನ್ನುತ್ತಾರೆ. ಇನ್ನೊಂದರಲ್ಲಿ ಆ ಮಾತನ್ನು ಯಾರೂ ಎತ್ತುವುದೇ ಇಲ್ಲ. ನಿದ್ದೆ ಬರುತ್ತಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ, ಗಂಡ ಹೆಂಡತಿ ನಡುವೆ ಮಾತಿಲ್ಲ ಎಂದು ಬರುತ್ತಾರೆ. ನಾಲ್ಕೈದು ಸೆಷನ್ ಆದ ಮೇಲೆ ರಾತ್ರಿ ಮೂರರವರೆಗೆ ಆನ್‌ಲೈನ್ ಇರುವ ವಿಷಯ ಯಾವುದೋ ಮಾತಿನ ನಡುವೆ ಹೊರಬೀಳುತ್ತದೆ.

ಮೊದಲನೆಯವರಲ್ಲಿ ಇಲ್ಲದ ಗೀಳನ್ನು ಇದೆ ಅಂದುಬಿಡುವ ಅಪಾಯವಿದೆ. ಎರಡನೆಯವರಲ್ಲಿ ಇರುವುದು ಕಣ್ಣಿಗೆ ಬೀಳದೇ ಹೋಗುವ ಅಪಾಯ. ಸ್ಕ್ರೀನಿಂಗ್, ಅಂದರೆ ಸಮಸ್ಯೆ ಇದೆಯಾ ಎಂದು ಮೊದಲು ಸೋಸಿ ನೋಡುವುದು, ಬೇಕಿರುವುದು ಈ ಎರಡೂ ತಪ್ಪು ಆಗದಿರಲಿ ಎಂದು. ಇದನ್ನು ಕೌನ್ಸೆಲರ್, ಸೈಕಾಲಜಿಸ್ಟ್, ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ ವೈದ್ಯರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ನನ್ನ ನಂಬಿಕೆ ಇಷ್ಟು: ಎಷ್ಟು ಗಂಟೆ ನೋಡುತ್ತಾರೆ ಎಂಬ ಲೆಕ್ಕದಿಂದ ಹೆಚ್ಚೇನೂ ಸಿಗುವುದಿಲ್ಲ. ಆ ಫೋನು ಅವರಿಗೆ ಏನು ಮಾಡಿಕೊಡುತ್ತಿದೆ ಎಂದು ಗೊತ್ತಾದರೆ ಮುಂದಿನ ದಾರಿ ಕಾಣುತ್ತದೆ.

ಹಂತ 1: ಏನನ್ನು ಹುಡುಕುತ್ತಿದ್ದೇವೆ ಎಂದು ಮೊದಲು ನಮಗೆ ಸ್ಪಷ್ಟವಿರಲಿ

"ಇಂಟರ್‌ನೆಟ್ ಅಡಿಕ್ಷನ್" ಎಂಬ ಹೆಸರಿನ ಕಾಯಿಲೆ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲೂ ಇಲ್ಲ, ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-11ರಲ್ಲೂ ಇಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 "ಇಂಟರ್‌ನೆಟ್ ಗೇಮಿಂಗ್ ಡಿಸಾರ್ಡರ್" ಅನ್ನು ಇನ್ನೂ ಹೆಚ್ಚಿನ ಅಧ್ಯಯನ ಬೇಕಾದವುಗಳ ಪಟ್ಟಿಯಲ್ಲಿ ಸೇರಿಸಿತು. ಅಲ್ಲಿ 9 ಲಕ್ಷಣಗಳಿವೆ. 12 ತಿಂಗಳಲ್ಲಿ 5 ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಗಣನೆಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಒಂದು ಹೆಜ್ಜೆ ಮುಂದೆ ಹೋಗಿ "ಗೇಮಿಂಗ್ ಡಿಸಾರ್ಡರ್" ಅನ್ನು ಕಾಯಿಲೆಯಾಗಿಯೇ ಒಪ್ಪಿಕೊಂಡಿತು. ಅದಕ್ಕೆ 2019ರ ಮೇನಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿ 1ರಿಂದ ಜಾರಿಗೆ ಬಂತು.

ಐಸಿಡಿ-11 ಕೇಳುವುದು ಮೂರು ವಿಷಯ. ಆಟ ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಹಿಡಿತ ತಪ್ಪಿದೆಯಾ? ಬದುಕಿನ ಬೇರೆ ಆಸಕ್ತಿಗಳು, ದಿನದ ಕೆಲಸಗಳು ಅದರ ಮುಂದೆ ಹಿಂದೆ ಸರಿದಿವೆಯಾ? ಕೆಟ್ಟ ಪರಿಣಾಮ ಕಣ್ಣಿಗೆ ಕಾಣುತ್ತಿದ್ದರೂ ಅದು ಮುಂದುವರಿಯುತ್ತಿದೆಯಾ? ಇದೆಲ್ಲ ಸಾಮಾನ್ಯವಾಗಿ 12 ತಿಂಗಳು ಕಂಡಿರಬೇಕು, ಬದುಕಿಗೆ ದೊಡ್ಡ ಪೆಟ್ಟು ಬಿದ್ದಿರಬೇಕು. ಲಕ್ಷಣಗಳು ತೀವ್ರವಾಗಿದ್ದರೆ ಅವಧಿ ಕಡಿಮೆಯಾದರೂ ನಡೆಯುತ್ತದೆ. ಗಂಟೆಯ ಲೆಕ್ಕ ಎಲ್ಲೂ ಇಲ್ಲ, ಗಮನಿಸಿದಿರಾ? ರೀಲ್ಸ್, ಚಾಟಿಂಗ್, ಶಾಪಿಂಗ್, ವಿಡಿಯೋ ಬಗ್ಗೆ ಕೇಳುವಾಗಲೂ ನಾನು ಇದೇ ಮೂರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಆದರೆ ಅವುಗಳಿಗೆ "ಗೇಮಿಂಗ್ ಡಿಸಾರ್ಡರ್" ಎಂದು ಬರೆಯಲು ಬರುವುದಿಲ್ಲ. "ಸಮಸ್ಯೆಯಾಗಿರುವ ಇಂಟರ್‌ನೆಟ್ ಬಳಕೆ" ಎಂದು ಬರೆದರೆ ಸಾಕು.

ಪದದ ಬಗ್ಗೆ ಒಂದು ಮಾತು. "ಚಟ" ಅಂದ ಕೂಡಲೇ ಅದರಲ್ಲಿ ಬೈಗುಳ ಸೇರಿಕೊಳ್ಳುತ್ತದೆ. ಕುಡಿತದ ಚಟ, ಇಸ್ಪೀಟಿನ ಚಟ ಅನ್ನುವ ಸಾಲಿಗೆ ಕ್ಲೈಂಟನ್ನು ನಿಲ್ಲಿಸಿದ ಹಾಗಾಗುತ್ತದೆ. "ವ್ಯಸನ" ಪುಸ್ತಕದ ಮಾತು. ನಾನು ಮೊದಲ ಭೇಟಿಯಲ್ಲಿ ಈ ಯಾವ ಪದವನ್ನೂ ಬಳಸುವುದಿಲ್ಲ. "ಫೋನ್ ವಿಷಯ" ಅನ್ನುತ್ತೇನೆ, ಅಷ್ಟೇ.

ಹಂತ 2: ಎಲ್ಲರಿಗೂ ಮೂರು ಪ್ರಶ್ನೆ

ಯಾವ ತೊಂದರೆಗೆ ಬಂದವರಾದರೂ ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಕುಡಿತದ ಬಗ್ಗೆ ಕೇಳುತ್ತೇವೆ ಅಲ್ವಾ? ಅದರ ಪಕ್ಕದಲ್ಲೇ ಇವನ್ನೂ ಸೇರಿಸಿಕೊಳ್ಳಿ:

- ಆನ್‌ಲೈನ್‌ನಲ್ಲಿ ಕಳೆಯುವ ಹೊತ್ತಿನ ಬಗ್ಗೆ ನಿಮಗಾಗಲಿ, ಹತ್ತಿರದವರಿಗಾಗಲಿ ಯಾವತ್ತಾದರೂ ಚಿಂತೆ ಆಗಿದೆಯಾ?
- ಕಡಿಮೆ ಮಾಡೋಣ ಅಂತ ಪ್ರಯತ್ನ ಪಟ್ಟು ಆಗದೇ ಹೋಗಿದ್ದುಂಟಾ?
- ಇದರಿಂದ ನಿದ್ದೆ, ಓದು, ಕೆಲಸ, ದುಡ್ಡು, ಸಂಬಂಧ ಯಾವುದಕ್ಕಾದರೂ ಪೆಟ್ಟು ಬಿದ್ದಿದೆಯಾ?

ಇವು ನಾನು ಅನುಕೂಲಕ್ಕೆ ಬಳಸುವ ಪ್ರಶ್ನೆಗಳು. ಅಳತೆಗೆ ಒಳಪಟ್ಟ ಟೆಸ್ಟ್ ಅಲ್ಲ, ಇವಕ್ಕೆ ಅಂಕವೂ ಇಲ್ಲ. ಒಂದಕ್ಕೆ "ಹೌದು" ಬಂದರೂ ಮುಂದಿನ ಹಂತಕ್ಕೆ ಹೋಗುತ್ತೇನೆ. "ದಿನಕ್ಕೆ ಎಷ್ಟು ಹೊತ್ತು ನೋಡ್ತೀರಾ?" ಎಂದು ಶುರು ಮಾಡಬೇಡಿ. ಆ ಪ್ರಶ್ನೆಯನ್ನು ಅವರು ಮನೆಯಲ್ಲಿ ನೂರು ಸಲ ಕೇಳಿಸಿಕೊಂಡಿರುತ್ತಾರೆ. ಉತ್ತರ ರೆಡಿ ಇರುತ್ತದೆ, ಅದು ನಿಜವಾಗಿರಬೇಕೆಂದಿಲ್ಲ.

ಹಂತ 3: ಇಂಟರ್‌ನೆಟ್ ಅಂದರೆ ಅವರಿಗೆ ಯಾವುದು?

ಇಂಟರ್‌ನೆಟ್ ಒಂದು ರಸ್ತೆ ಇದ್ದ ಹಾಗೆ. ಅದರಲ್ಲಿ ಹೋಗಿ ಎಲ್ಲಿ ಸೇರುತ್ತಾರೆ ಎಂದು ಕೇಳಬೇಕು. ಗೇಮ್, ರೀಲ್ಸ್, ಚಾಟಿಂಗ್, ಅಶ್ಲೀಲ ವಿಡಿಯೋ, ಶಾಪಿಂಗ್, ಷೇರು ವ್ಯವಹಾರ, ದುಡ್ಡು ಕಟ್ಟಿ ಆಡುವ ಆಟ, ಎಲ್ಲವೂ ಒಂದೇ ಫೋನಿನಲ್ಲಿವೆ. ದುಡ್ಡು ಕಟ್ಟಿ ಆಡುತ್ತಿದ್ದರೆ ಅದು ಜೂಜು. ಐಸಿಡಿ-11ರಲ್ಲಿ ಅದಕ್ಕೆ "ಗ್ಯಾಂಬ್ಲಿಂಗ್ ಡಿಸಾರ್ಡರ್" ಎಂಬ ಬೇರೆ ಜಾಗ ಇದೆ, ಮೊದಲು ಸಾಲದ ಬಗ್ಗೆ ಕೇಳಬೇಕು. ಅಶ್ಲೀಲ ವಿಡಿಯೋ ನೋಡುವುದು ಹಿಡಿತ ತಪ್ಪಿದ್ದರೆ "ಕಂಪಲ್ಸಿವ್ ಸೆಕ್ಷುಯಲ್ ಬಿಹೇವಿಯರ್ ಡಿಸಾರ್ಡರ್" (ಲೈಂಗಿಕ ನಡವಳಿಕೆ ಹಿಡಿತಕ್ಕೆ ಸಿಗದ ತೊಂದರೆ) ಕಡೆ ನೋಡಬೇಕಾಗುತ್ತದೆ. ಎಲ್ಲವನ್ನೂ "ಮೊಬೈಲ್ ಗೀಳು" ಎಂಬ ಒಂದೇ ಡಬ್ಬಕ್ಕೆ ತುಂಬಿದರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಇಲ್ಲಿ ಫೋನೇ ಸಹಾಯ ಮಾಡುತ್ತದೆ. ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಎಂಬ ಸೌಲಭ್ಯವಿದೆ. ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಗಿದೆ, ದಿನಕ್ಕೆ ಎಷ್ಟು ಸಲ ಫೋನ್ ಎತ್ತಿಕೊಂಡಿದ್ದಾರೆ ಎಂದು ಅದು ತೋರಿಸುತ್ತದೆ. ಫೋನನ್ನು ನೀವು ಕೈಗೆ ತೆಗೆದುಕೊಳ್ಳಬೇಡಿ. "ನಿಮಗೆ ಒಪ್ಪಿಗೆ ಇದ್ದರೆ ನೀವೇ ತೆಗೆದು ನೋಡಿ, ನನಗೆ ಹೇಳಬೇಕು ಅನ್ನಿಸಿದ್ದನ್ನು ಮಾತ್ರ ಹೇಳಿ" ಎನ್ನಿ. ಎಷ್ಟೋ ಜನ ಆ ಅಂಕಿ ನೋಡಿ ತಾವೇ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ನೀವು ಮಾತಾಡಬೇಡಿ.

ಹಂತ 4: ಪ್ರಶ್ನಾವಳಿ ಆರಿಸುವುದು, ಕೊಡುವುದು

ಹೆಚ್ಚು ಬಳಕೆಯಲ್ಲಿರುವುದು ಕಿಂಬರ್ಲಿ ಯಂಗ್ 1998ರಲ್ಲಿ ತಂದ ಇಂಟರ್‌ನೆಟ್ ಅಡಿಕ್ಷನ್ ಟೆಸ್ಟ್, ಅಂದರೆ ಐಎಟಿ. 20 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 5 ಅಂಕ, ಒಟ್ಟು 100. ಸಾಮಾನ್ಯವಾಗಿ 30ರವರೆಗೆ ತೊಂದರೆ ಇಲ್ಲ, 31ರಿಂದ 49 ಸೌಮ್ಯ, 50ರಿಂದ 79 ಮಧ್ಯಮ, 80 ಮತ್ತು ಅದರ ಮೇಲೆ ತೀವ್ರ ಎಂದು ಓದುತ್ತಾರೆ. ಅದೇ ಯಂಗ್ ಅವರ ಚಿಕ್ಕ ಪ್ರಶ್ನಾವಳಿಯೂ ಇದೆ: ಹೌದು ಅಥವಾ ಇಲ್ಲ ಎನ್ನುವ 8 ಪ್ರಶ್ನೆ, 5ಕ್ಕೆ ಹೌದು ಬಂದರೆ ಗಮನ ಕೊಡಬೇಕು. 2001ರಲ್ಲಿ ಬಿಯರ್ಡ್ ಮತ್ತು ವುಲ್ಫ್ ಇದನ್ನು ಬಿಗಿ ಮಾಡಿದರು. ಮೊದಲ 5ಕ್ಕೂ ಹೌದು ಬರಬೇಕು, ಜೊತೆಗೆ ಕೊನೆಯ 3ರಲ್ಲಿ ಒಂದಾದರೂ ಬರಬೇಕು. ಆ ಕೊನೆಯ ಮೂರು ಯಾವುವು ಗೊತ್ತಾ? ಸಂಬಂಧ, ಕೆಲಸ ಅಥವಾ ಓದಿಗೆ ಕುತ್ತು ತಂದುಕೊಂಡಿರುವುದು, ಸುಳ್ಳು ಹೇಳಿರುವುದು, ಕಷ್ಟ ಮರೆಯಲು ಇಂಟರ್‌ನೆಟ್ ಬಳಸುವುದು. ಅಂದರೆ ಬರೀ ಹಂಬಲ ಇದ್ದರೆ ಸಾಲದು, ಬದುಕಿನಲ್ಲಿ ಅದರ ಗುರುತು ಬಿದ್ದಿರಬೇಕು. ಈ ತಿದ್ದುಪಡಿ ನನಗೆ ತುಂಬ ಸರಿ ಅನ್ನಿಸುತ್ತದೆ.

ಐಎಟಿಗೆ ವಯಸ್ಸಾಗಿದೆ. ಅದು ಹುಟ್ಟಿದ್ದು ಕಂಪ್ಯೂಟರ್ ಮುಂದೆ ಕೂತು ಇಂಟರ್‌ನೆಟ್‌ಗೆ "ಹೋಗುತ್ತಿದ್ದ" ಕಾಲದಲ್ಲಿ. ಬೇರೆ ಕೆಲಸ ಬಿಟ್ಟು ಮೊದಲು ಈಮೇಲ್ ನೋಡುತ್ತೀರಾ ಎಂಬ ಪ್ರಶ್ನೆ ಅದರಲ್ಲಿದೆ. ಈಗ ಆಫೀಸಿನವರು ಅದಕ್ಕೆ "ಯಾವಾಗಲೂ" ಎಂದೇ ಗುರುತು ಹಾಕುತ್ತಾರೆ, ಅದು ಅವರ ಕೆಲಸ! ಹಾಗಾಗಿ ಕೊಡುವ ಮೊದಲೇ ಹೇಳಿ: "ಕೆಲಸಕ್ಕೆ, ಓದಿಗೆ ಬೇಕೇ ಬೇಕಾದ ಬಳಕೆಯನ್ನು ಬಿಟ್ಟು ಉಳಿದದ್ದನ್ನು ನೆನೆಸಿಕೊಂಡು ಉತ್ತರಿಸಿ."

ಬೇರೆ ಆಯ್ಕೆಗಳೂ ಇವೆ. ಹಿಡಿತ ತಪ್ಪಿದ ಇಂಟರ್‌ನೆಟ್ ಬಳಕೆಯನ್ನು ಅಳೆಯುವ ಸಿಐಯುಎಸ್‌ನಲ್ಲಿ 14 ಪ್ರಶ್ನೆ, ಬೇಗ ಮುಗಿಯುತ್ತದೆ. ಗೇಮಿಂಗ್ ಒಂದೇ ಇದ್ದರೆ ಡಿಎಸ್‌ಎಂ-5ರ ಲಕ್ಷಣಗಳ ಮೇಲೆ ಕಟ್ಟಿದ, 9 ಪ್ರಶ್ನೆಗಳ ಐಜಿಡಿಎಸ್9-ಎಸ್‌ಎಫ್ ಒಳ್ಳೆಯದು. ಸೋಶಿಯಲ್ ಮೀಡಿಯಾಕ್ಕೆ 6 ಪ್ರಶ್ನೆಗಳ ಬರ್ಗನ್ ಮಾಪಕ ಇದೆ. ಹದಿಹರೆಯದವರ ಫೋನ್ ಬಳಕೆಗೆ 10 ಪ್ರಶ್ನೆಗಳ ಎಸ್‌ಎಎಸ್-ಎಸ್‌ವಿ ಇದೆ. ಅದರಲ್ಲಿ ಹುಡುಗರಿಗೆ 31, ಹುಡುಗಿಯರಿಗೆ 33 ಎಂಬ ಗೆರೆ ಬಂದದ್ದು ಕೊರಿಯಾದ ಮಕ್ಕಳ ಅಧ್ಯಯನದಿಂದ. ಆ ಗೆರೆಯನ್ನು ಬೇರೆ ಎಲ್ಲ ಕಡೆಗೂ ಹಾಗೇ ಎತ್ತಿಕೊಂಡು ಹೋಗಬಾರದು. ಒಬ್ಬರಿಗೆ ಒಂದೇ ಸಾಕು. ನಾಲ್ಕು ಫಾರ್ಮ್ ಕೊಟ್ಟರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಮುಚ್ಚಿ ಟಿಕ್ ಹಾಕುತ್ತಾರೆ.

ಕೊಡುವಾಗ ಎರಡು ಎಚ್ಚರಿಕೆ. ಇಂಗ್ಲಿಷ್ ಪ್ರಶ್ನೆಯನ್ನು ಅಲ್ಲೇ ನಿಂತು ಬಾಯಲ್ಲಿ ಕನ್ನಡ ಮಾಡಬೇಡಿ. "ರೆಸ್ಟ್‌ಲೆಸ್" ಅನ್ನುವುದನ್ನು ಒಬ್ಬರು "ಚಡಪಡಿಕೆ" ಅಂದರೆ ಇನ್ನೊಬ್ಬರು "ಬೇಸರ" ಅನ್ನುತ್ತಾರೆ. ಎರಡೂ ಒಂದೇ ಅಲ್ಲವಲ್ಲ? ಪರೀಕ್ಷೆಗೆ ಒಳಗಾದ ಅನುವಾದ ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ಅಂಕವನ್ನು ಅಂದಾಜು ಎಂದು ಮಾತ್ರ ನೋಡಿ, ಫೈಲಿನಲ್ಲೂ ಹಾಗೇ ಬರೆಯಿರಿ. ಇನ್ನೊಂದು, "ಆಗಾಗ" ಮತ್ತು "ಪದೇ ಪದೇ" ನಡುವಿನ ವ್ಯತ್ಯಾಸ. ನಮಗೆ ಗೊತ್ತು, ಕ್ಲೈಂಟಿಗೆ ಗೊತ್ತಿರಬೇಕೆಂದಿಲ್ಲ. ಮೊದಲ ಪ್ರಶ್ನೆಯನ್ನು ಜೊತೆಯಲ್ಲೇ ಕೂತು ಮಾಡಿ. "ವಾರಕ್ಕೆ ಒಂದೆರಡು ಸಲ ಆದರೆ ಯಾವುದಕ್ಕೆ ಗುರುತು ಹಾಕ್ತೀರಾ? ದಿನಾ ಆದರೆ?" ಎಂದು ಮಾತಾಡಿಕೊಂಡು, ಉಳಿದದ್ದನ್ನು ಅವರಿಗೆ ಬಿಡಿ. ಹದಿಹರೆಯದವರು ತುಂಬುವಾಗ ಅಪ್ಪ ಅಮ್ಮ ಹೊರಗಿರಲಿ.

ಹಂತ 5: ಅಂಕ ಓದುವುದು

ಇಲ್ಲಿ ಒಂದು ಲೆಕ್ಕ ಮಾಡೋಣ. ಒಂದು ಕಾಲೇಜಿನಲ್ಲಿ 1000 ಮಂದಿಗೆ ಟೆಸ್ಟ್ ಕೊಟ್ಟೆವು ಅಂದುಕೊಳ್ಳಿ. ಅವರಲ್ಲಿ 50 ಮಂದಿಗೆ ನಿಜವಾಗಿ ಸಮಸ್ಯೆ ಇದೆ. ಟೆಸ್ಟ್ ತುಂಬ ಚೆನ್ನಾಗಿದೆ: ಸಮಸ್ಯೆ ಇರುವ 100ರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದ 100ರಲ್ಲಿ 90 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಆಗ 50ರಲ್ಲಿ 45 ಮಂದಿ ಸಿಗುತ್ತಾರೆ. ಉಳಿದ 950ರಲ್ಲಿ 95 ಮಂದಿ ಸುಮ್ನೆ ಸಿಕ್ಕಿಬೀಳುತ್ತಾರೆ. ಟೆಸ್ಟ್ ಬೆರಳು ತೋರಿಸಿದ್ದು 140 ಮಂದಿಯ ಕಡೆ, ಅದರಲ್ಲಿ ನಿಜ 45. ಮೂವರಲ್ಲಿ ಇಬ್ಬರಿಗೆ ತಪ್ಪು ಹಣೆಪಟ್ಟಿ!

ಅದೇ ಟೆಸ್ಟನ್ನು 1000ಕ್ಕೆ 300 ಮಂದಿಗೆ ಸಮಸ್ಯೆ ಇರುವ ಕ್ಲಿನಿಕ್ಕಿನಲ್ಲಿ ಕೊಡಿ. 270 ನಿಜ, 70 ತಪ್ಪು. ಈಗ ಐವರಲ್ಲಿ ನಾಲ್ವರು ಸರಿ. ಟೆಸ್ಟ್ ಬದಲಾಗಲಿಲ್ಲ, ಯಾರಿಗೆ ಕೊಟ್ಟೆವು ಅನ್ನುವುದು ಬದಲಾಯಿತು. ಶಾಲೆ ಕಾಲೇಜಿನಲ್ಲಿ ಸಾಮೂಹಿಕವಾಗಿ ಟೆಸ್ಟ್ ಮಾಡಿ, ಅಂಕ ಜಾಸ್ತಿ ಬಂದ ಮಕ್ಕಳ ಪಟ್ಟಿಯನ್ನು ನೇರವಾಗಿ ಪೋಷಕರಿಗೆ ಕಳಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಒಟ್ಟು ಅಂಕಕ್ಕಿಂತ ಯಾವ ಪ್ರಶ್ನೆಗೆ ಜಾಸ್ತಿ ಬಿದ್ದಿದೆ ಎಂದು ನೋಡಿ. ಐಎಟಿಯಲ್ಲಿ 52 ಅಂಕದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರಿಗೆ ನಿದ್ದೆ, ಕೆಲಸದ ಪ್ರಶ್ನೆಗಳಲ್ಲಿ ಅಂಕ ಜಾಸ್ತಿ ಬಿದ್ದಿರುತ್ತದೆ. ಇನ್ನೊಬ್ಬರಿಗೆ ಮುಚ್ಚಿಡುವುದು, ಒಂಟಿತನ, ನೋವು ಮರೆಯುವುದರಲ್ಲಿ. ಇಬ್ಬರ ಜೊತೆ ಆಡುವ ಮಾತು ಬೇರೆ ಬೇರೆ.

ಹಂತ 6: "ನಿನ್ನೆ ರಾತ್ರಿ"ಯನ್ನು ಹತ್ತಿರದಿಂದ ನೋಡುವುದು

ಇಡೀ ಸ್ಕ್ರೀನಿಂಗ್‌ನಲ್ಲಿ ನಾನು ಜಾಸ್ತಿ ಹೊತ್ತು ಕೊಡುವುದು ಇದಕ್ಕೆ. "ಸಾಮಾನ್ಯವಾಗಿ ಯಾವಾಗ ಆಡ್ತೀರಾ?" ಎಂದು ಕೇಳಿದರೆ ಸಾಮಾನ್ಯ ಉತ್ತರವೇ ಬರುತ್ತದೆ. ಒಂದೇ ಒಂದು ಸಂಜೆಯನ್ನು ಹಿಡಿದುಕೊಂಡು ನಿಧಾನವಾಗಿ ನಡೆಯಿರಿ. 20ರ ಆಸುಪಾಸಿನ ಒಬ್ಬ ವಿದ್ಯಾರ್ಥಿ ಎಂದುಕೊಳ್ಳಿ. ಮಾತು ಹೀಗೆ ಸಾಗಬಹುದು:

"ನಿನ್ನೆ ರಾತ್ರಿ ಊಟ ಆದ ಮೇಲಿನಿಂದ ಹೇಳಿ."

"ಊಟ ಆಯ್ತು. ರೂಮಿಗೆ ಹೋದೆ. ಸುಮ್ನೆ ಫೋನ್ ತೆಗೆದೆ."

"ಆಗ ಎಷ್ಟು ಹೊತ್ತು?"

"ಒಂಬತ್ತೂವರೆ ಇರಬಹುದು."

"ಫೋನ್ ತೆಗೆಯೋಕೆ ಸ್ವಲ್ಪ ಮುಂಚೆ ಮನಸ್ಸಲ್ಲಿ ಏನಿತ್ತು?"

"ಏನಿಲ್ಲ ಮೇಡಂ... ಊಟ ಮಾಡೋವಾಗ ಅಪ್ಪ ರಿಸಲ್ಟ್ ಯಾವಾಗ ಅಂತ ಕೇಳಿದ್ರು. ನಾನು ಏನೂ ಹೇಳಲಿಲ್ಲ."

"ಆಮೇಲೆ?"

"ಒಂದು ಮ್ಯಾಚ್ ಆಡೋಣ ಅಂದ್ಕೊಂಡೆ. ಆಡ್ತಾ ಇದ್ರೆ ಏನೂ ನೆನಪಾಗಲ್ಲ. ಹನ್ನೆರಡಕ್ಕೆ ನಿಲ್ಲಿಸ್ಬೇಕು ಅನ್ನಿಸ್ತು. ನಿಲ್ಲಿಸಿದ್ರೆ ಮತ್ತೆ ಅದೇ ತಲೆಗೆ ಬರುತ್ತೆ ಅಲ್ವಾ."

"ಎಷ್ಟಕ್ಕೆ ಮಲಗಿದ್ರಿ?"

"ಮೂರೂಕಾಲು. ಬೆಳಗ್ಗೆ ಕ್ಲಾಸಿಗೆ ಹೋಗಲಿಲ್ಲ."

ಆ "ಸುಮ್ನೆ" ಅನ್ನುವ ಪದವನ್ನು ಕಿವಿಗೊಟ್ಟು ಕೇಳಿ. ನಾವು ಹೇಳಲಾಗದ್ದನ್ನೆಲ್ಲ ಅದರೊಳಗೆ ಇಡುತ್ತೇವೆ. ಇಲ್ಲಿ ಅದರ ಹಿಂದೆ ರಿಸಲ್ಟಿನ ಭಯ ಇದೆ, ಅಪ್ಪನ ಮುಂದಿನ ಮೌನ ಇದೆ. ಆಟ ಆ ಭಯಕ್ಕೆ ಔಷಧಿ. ನಿಲ್ಲಿಸಬೇಕು ಅನ್ನಿಸಿಯೂ ನಿಲ್ಲಿಸಲಾಗಲಿಲ್ಲ, ಕ್ಲಾಸು ತಪ್ಪಿತು, ಅದರಿಂದ ರಿಸಲ್ಟಿನ ಭಯ ಇನ್ನೂ ಬೆಳೆಯಿತು. ಐಸಿಡಿಯ ಮೂರೂ ಪ್ರಶ್ನೆಗಳ ಬಗ್ಗೆ ಈ ಐದು ನಿಮಿಷದಲ್ಲಿ ಸುಳಿವು ಸಿಕ್ಕಿತು. ಒಂದು ರಾತ್ರಿಯಿಂದ ತೀರ್ಮಾನಕ್ಕೆ ಬರಬಾರದು. ಎರಡು ಮೂರು ದಿನಗಳನ್ನು ಹೀಗೇ ಬಿಡಿಸಿ ನೋಡಿ. ಆಟ ಇಲ್ಲದ ಒಂದು ಒಳ್ಳೆಯ ದಿನದ ಬಗ್ಗೆಯೂ ಕೇಳಿ. ಅವತ್ತು ಏನು ಬೇರೆ ಇತ್ತು ಎಂಬುದು ಮುಂದೆ ಚಿಕಿತ್ಸೆಗೆ ಬೇಕಾಗುತ್ತದೆ.

ಹಂತ 7: ಹಿಂದೆ ಬೇರೆ ಏನಾದರೂ ಇದೆಯಾ?

ಖಿನ್ನತೆ ಇದ್ದವರು ಗಂಟೆಗಟ್ಟಲೆ ಸ್ಕ್ರಾಲ್ ಮಾಡುತ್ತಾರೆ, ಆದರೆ ಅದರಲ್ಲೂ ಖುಷಿ ಇರುವುದಿಲ್ಲ. "ನೋಡ್ತಾ ಇರೋವಾಗ ಚೆನ್ನಾಗಿರುತ್ತಾ?" ಎಂದು ಕೇಳಿ. ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯು-9 ಕೊಡಿ. ಸೋಶಿಯಲ್ ಆಂಗ್ಸೈಟಿ (ಜನರ ಮುಂದೆ ಬೆರೆಯಲು ಭಯ) ಇದ್ದವರು ಮೆಸೇಜಿನಲ್ಲಿ ಅರಳು ಹುರಿದಂತೆ ಮಾತಾಡುತ್ತಾರೆ, ಫೋನ್ ರಿಂಗ್ ಆದರೆ ಎತ್ತುವುದಿಲ್ಲ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇದ್ದರೆ ಚಂಚಲತೆ ಫೋನ್ ಬರುವುದಕ್ಕೆ ಮೊದಲೇ ಇತ್ತಾ ಎಂದು ನೋಡಬೇಕು. ಡಿಎಸ್‌ಎಂ-5 ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮುಂಚೆ ಕಂಡಿರಬೇಕು. ಕೆಲವೇ ದಿನಗಳಿಂದ ಇದ್ದಕ್ಕಿದ್ದಂತೆ ರಾತ್ರಿಯಿಡೀ ಆನ್‌ಲೈನ್, ಕೈಬಿಚ್ಚಿ ಖರ್ಚು, ನಿದ್ದೆ ಇಲ್ಲದಿದ್ದರೂ ಸುಸ್ತಿಲ್ಲ ಅಂದರೆ ಮೇನಿಯಾ (ಮನಸ್ಸು ಮಿತಿಮೀರಿ ಉಬ್ಬುವ ಕಾಯಿಲೆಯ ಸ್ಥಿತಿ) ಇರಬಹುದು. ಆಗ ಪ್ರಶ್ನಾವಳಿ ಪಕ್ಕಕ್ಕಿಟ್ಟು ಕೂಡಲೇ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿ.

ಬಹಳ ಜನ ಮರೆಯುವುದು ಔಷಧಿಯ ಪಟ್ಟಿ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಕೆಲವರಲ್ಲಿ ಜೂಜು, ಶಾಪಿಂಗ್‌ನಂಥ ತಡೆಯಲಾಗದ ಹಂಬಲ ಹುಟ್ಟಿಸುತ್ತವೆ. ಮಾನಸಿಕ ಕಾಯಿಲೆಗಳಿಗೆ ಕೊಡುವ ಅರಿಪಿಪ್ರಜೋಲ್ ಬಗ್ಗೆಯೂ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇಂಥದ್ದೇ ಎಚ್ಚರಿಕೆ ಕೊಟ್ಟಿತು. ಔಷಧಿ ಶುರುವಾದ ಮೇಲೆ ಗೀಳು ಶುರುವಾಯಿತಾ ಎಂದು ಒಂದು ಮಾತು ಕೇಳಿ. ಹೌದು ಅಂದರೆ, ಔಷಧಿ ಬರೆದ ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ತಾವೇ ನಿಲ್ಲಿಸಬಾರದು ಎಂದು ಕ್ಲೈಂಟಿಗೂ ಹೇಳಿ.

ಹಂತ 8: ಅದೇ ದಿನ ಕೇಳಬೇಕಾದ್ದು

ಇದನ್ನು ಮುಂದಿನ ಭೇಟಿಗೆ ಇಡಬೇಡಿ. ಸಾಯುವ ಯೋಚನೆ ಬಂದಿದೆಯಾ? ಆನ್‌ಲೈನ್‌ನಲ್ಲಿ ಯಾರಾದರೂ ಹೆದರಿಸುತ್ತಿದ್ದಾರಾ, ಫೋಟೋ ಹಿಡಿದುಕೊಂಡು ದುಡ್ಡು ಕೇಳುತ್ತಿದ್ದಾರಾ? ಯಾರಿಗೂ ಹೇಳದ ಸಾಲ ಇದೆಯಾ? ಮನೆಯಲ್ಲಿ ಫೋನ್ ವಿಷಯಕ್ಕೆ ಹೊಡೆದಾಟ ಆಗಿದೆಯಾ? ನೇರವಾಗಿ, ಮೆಲ್ಲಗೆ, ಒಂಟಿಯಾಗಿದ್ದಾಗ ಕೇಳಿ. ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಅದು ತಲೆಗೆ ಹೊಕ್ಕೀತು ಎಂಬ ಭಯ ಬೇಡ.

"ಇವತ್ತಿಂದ ಫೋನ್ ಕಿತ್ತುಕೊಳ್ಳಲಾ?" ಎಂದು ಅಪ್ಪ ಅಮ್ಮ ಕೇಳೇ ಕೇಳುತ್ತಾರೆ. ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಹಾಗೆ ಮಾಡಬೇಡಿ ಎನ್ನಿ. ಆ ಹುಡುಗನಿಗೋ ಹುಡುಗಿಗೋ ಮಾತಾಡುವವರು ಆ ಫೋನಿನಲ್ಲಿ ಮಾತ್ರ ಇರಬಹುದು.

ಹಂತ 9: ಹೇಳುವುದು, ಬರೆಯುವುದು, ಮತ್ತೆ ನೋಡುವುದು

ಫಲಿತಾಂಶವನ್ನು ಮೊದಲು ಕ್ಲೈಂಟಿಗೆ ಹೇಳಿ. "ನಿಮಗೆ 58 ಬಂದಿದೆ" ಎಂದಷ್ಟೇ ಹೇಳಿ ನಿಲ್ಲಿಸಬೇಡಿ. "ನೀವು ಬರೆದದ್ದು ನೋಡಿದರೆ ನಿದ್ದೆ ಮತ್ತು ಓದಿಗೆ ಪೆಟ್ಟು ಬಿದ್ದಿರುವ ಹಾಗಿದೆ. ನಿಮಗೂ ಹಾಗೇ ಅನ್ನಿಸುತ್ತಾ?" ಎಂದು ಕೇಳಿ. ಆಮೇಲೆ 0ಯಿಂದ 10ರೊಳಗೆ, ಇದನ್ನು ಬದಲಾಯಿಸುವುದು ಎಷ್ಟು ಮುಖ್ಯ ಎಂದು ಕೇಳಿ. 4 ಅಂದರೆ "ಯಾಕೆ 2 ಅನ್ನಲಿಲ್ಲ?" ಎನ್ನಿ. ಬದಲಾಗಬೇಕು ಎಂಬುದಕ್ಕೆ ಅವರ ಕಾರಣಗಳು ಅವರ ಬಾಯಲ್ಲೇ ಬರುತ್ತವೆ. ಮನೆಯವರಿಗೆ ಏನು ಹೇಳಬಹುದು, ಏನು ಬೇಡ ಎಂದು ಅವರ ಜೊತೆ ಮಾತಾಡಿಕೊಂಡ ಮೇಲೆಯೇ ಬಾಗಿಲು ತೆಗೆಯಿರಿ. ಜೀವಕ್ಕೆ ಅಪಾಯ ಇದ್ದರೆ ಗುಟ್ಟು ಉಳಿಸಲು ಆಗುವುದಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿರಬೇಕು.

ಫೈಲಿನಲ್ಲಿ ಟೆಸ್ಟಿನ ಹೆಸರು, ಭಾಷೆ, ಅಂಕ, ಯಾವ ಬಳಕೆ, ಜೊತೆಗಿರುವ ತೊಂದರೆ, ಅಪಾಯದ ಪ್ರಶ್ನೆಗಳ ಉತ್ತರ, ಇಷ್ಟು ಇರಲಿ.

ಎರಡು ಮೂರು ತಿಂಗಳ ನಂತರ ಅದೇ ಟೆಸ್ಟ್ ಮತ್ತೆ ಕೊಡಿ. ಕೆಲವೊಮ್ಮೆ ಎರಡನೇ ಸಲ ಅಂಕ ಏರಿರುತ್ತದೆ. ಮೊದಲ ಸಲ 44 ಇದ್ದವರಿಗೆ 57 ಬರಬಹುದು. ಗಾಬರಿ ಬೇಡ, ಕ್ಲೈಂಟ್ ಮೇಲೆ ಬೇಸರವೂ ಬೇಡ. ಎರಡೂ ಹಾಳೆ ಪಕ್ಕದಲ್ಲಿಟ್ಟು ಯಾವ ಉತ್ತರ ಬದಲಾಗಿದೆ ಎಂದು ಜೊತೆಯಲ್ಲೇ ಹುಡುಕಿ. "ಎಷ್ಟು ಹೊತ್ತು ಇದ್ದೆ ಎಂದು ಮುಚ್ಚಿಡುತ್ತೀರಾ" ಎಂಬಲ್ಲಿ ಮೊದಲು 0 ಇದ್ದದ್ದು ಈಗ 4 ಆಗಿದ್ದರೆ, "ಅವತ್ತು ನಿಮಗೆ ಹೇಳೋಕೆ ಆಗಿರಲಿಲ್ಲ" ಎಂದು ಅವರೇ ಹೇಳಬಹುದು. ಆಗ ನಿದ್ದೆಗೆ ಹೋಗುವ ಹೊತ್ತು, ಕ್ಲಾಸಿಗೆ ಅಥವಾ ಕೆಲಸಕ್ಕೆ ಹೋದ ದಿನಗಳು, ಮನೆಯಲ್ಲಿ ಜಗಳ ಆದ ಸಲ, ಇವುಗಳ ಲೆಕ್ಕವನ್ನೂ ಕೇಳಿ. ಅವೂ ಹದಗೆಟ್ಟಿದ್ದರೆ ಯೋಜನೆ ಬದಲಾಯಿಸಿ. ಅವು ಸುಧಾರಿಸಿದ್ದರೆ ಆ 57 ಅನ್ನು ನಿಜವಾದ ಮೊದಲ ಅಂಕ ಎಂದು ಬರೆದುಕೊಂಡು ಮುಂದಿನ ದಿನಾಂಕ ಕೊಡಿ.